ಪೋರ್ಟಬಲ್ ಸಾಮಿಲ್ ಬ್ಲೇಡಿಗೆ ನೀರು ಹನಿಸುವ ವ್ಯವಸ್ಥೆ: ಮನೆಯಲ್ಲೇ ಕಟ್ಟಿಕೊಳ್ಳುವ ಬಗೆ

ಹಸಿ ಹಲಸಿನ ದಿಮ್ಮಿಯನ್ನು ಒಣ ಬ್ಲೇಡಿನಲ್ಲಿ ಕೊಯ್ದು ನೋಡಿ. ಒಂದೆರಡು ಹಲಗೆ ಇಳಿಯುವಷ್ಟರಲ್ಲಿ ಬ್ಲೇಡಿನ ಮೈಗೆ ಕಂದು ಬಣ್ಣದ ಮೇಣ ಹತ್ತಿರುತ್ತದೆ. ಇನ್ನೆರಡು ಹಲಗೆಗೆ ಬ್ಲೇಡು ಅಲೆಯಾಡತೊಡಗುತ್ತದೆ, ಹಲಗೆಯ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಆಗ ಹೆಚ್ಚಿನವರು ಬ್ಲೇಡು ಮೊಂಡಾಯಿತೆಂದು ಬಿಚ್ಚಿ ಸಾಣೆಗೆ ಕಳಿಸುತ್ತಾರೆ. ಹಲ್ಲು ಚೂಪಾಗಿಯೇ ಇರುತ್ತದೆ, ಕೆಟ್ಟಿರುವುದು ಬ್ಲೇಡಿನ ಮೈ.

ಕಾರಣ ಲೆಕ್ಕದಲ್ಲೇ ಇದೆ. ಪೋರ್ಟಬಲ್ ಬ್ಯಾಂಡ್ ಸಾಮಿಲ್ ಎಂದರೆ ಎರಡು ಚಕ್ರಗಳ ಮೇಲೆ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿಯಿಂದ ದಿಮ್ಮಿ ಕೊಯ್ಯುವ ಯಂತ್ರ. ಅದರ ಸಾಮಾನ್ಯ ಬ್ಲೇಡು 32 ಮಿ.ಮೀ. ಅಗಲ, ಸುಮಾರು 1.1 ಮಿ.ಮೀ. ದಪ್ಪ, 4 ಮೀಟರ್ ಆಸುಪಾಸಿನ ಉದ್ದ. ಹಲ್ಲುಗಳನ್ನು ಎಡಕ್ಕೂ ಬಲಕ್ಕೂ ಬಾಗಿಸಿದ ಸೆಟ್ಟು ಒಂದೊಂದು ಬದಿಗೆ ಅರ್ಧ ಮಿ.ಮೀ. ಮಾತ್ರ. ಬ್ಲೇಡಿನ ಮೈಗೂ ಮರಕ್ಕೂ ನಡುವೆ ಇರುವ ಸಂದು ಅಷ್ಟೇ. ಅದರಲ್ಲಿ 0.2 ಮಿ.ಮೀ. ಅಂಟು ಕೂತರೆ ಸಂದು ಹೆಚ್ಚುಕಡಿಮೆ ಅರ್ಧದಷ್ಟು ಹೋಯಿತು. ಹೊಟ್ಟು ಹೊರಬೀಳಲು ಜಾಗವಿಲ್ಲದೆ ಅಲ್ಲೇ ಉಜ್ಜುತ್ತದೆ, ಉಜ್ಜಿದಲ್ಲಿ ಬಿಸಿ ಹುಟ್ಟುತ್ತದೆ, ಬಿಸಿಗೆ ಅಂಟು ಇನ್ನಷ್ಟು ಗಟ್ಟಿಯಾಗಿ ಹತ್ತುತ್ತದೆ. 4 ಮೀಟರಿನ ಉಕ್ಕಿನ ಪಟ್ಟಿ 50 ಡಿಗ್ರಿ ಬಿಸಿಯಾದರೆ ಸುಮಾರು 2.4 ಮಿ.ಮೀ. ಉದ್ದವಾಗುತ್ತದೆ. ಅಷ್ಟಾದರೆ ಬೆಳಿಗ್ಗೆ ಕೊಟ್ಟ ಬಿಗಿತ ಸಡಿಲವಾಗಲು ಸಾಕು.

ಹಾಗಾಗಿ ನೀರಿನ ಮುಖ್ಯ ಕೆಲಸ ಬ್ಲೇಡನ್ನು ತಣ್ಣಗಾಗಿಸುವುದಲ್ಲ, ಅಂಟು ಹತ್ತದಂತೆ ಮೈಯನ್ನು ತೊಳೆದಿಡುವುದು. ಮೈ ಶುಚಿಯಾಗಿದ್ದರೆ ಬಿಸಿ ತಾನಾಗಿಯೇ ಕಡಿಮೆಯಾಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ತೀರ್ಮಾನ ಸುಲಭ. ತೊಳೆಯಲು ಬೇಕಾದದ್ದು ಸ್ವಲ್ಪವೇ ನೀರು, ಆದರೆ ಸರಿಯಾದ ಜಾಗದಲ್ಲಿ, ಬ್ಲೇಡಿನ ಎರಡೂ ಮುಖಕ್ಕೆ. ಟ್ಯಾಂಕು, ಪಂಪುಗಳ ಮೇಲೆ ದುಡ್ಡು ಸುರಿದು ನಾಜಲ್ಲನ್ನು ಎಲ್ಲೋ ಕಟ್ಟಿದ ವ್ಯವಸ್ಥೆಗಿಂತ, ಹಳೆಯ ಜೆರಿಕ್ಯಾನಿಗೆ ಒಳ್ಳೆಯ ಫೆಲ್ಟ್ (ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಹಾಳೆ) ಒರೆಸುಪಟ್ಟಿ ಜೋಡಿಸಿದ ವ್ಯವಸ್ಥೆಯೇ ಮೇಲು.

ಬೇಕಾಗುವ ಸಾಮಾನು

ಇವುಗಳಲ್ಲಿ ಹೆಚ್ಚಿನವು ಹನಿ ನೀರಾವರಿ ಅಂಗಡಿಯಲ್ಲೇ ಸಿಗುತ್ತವೆ.

- 10 ಲೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಜೆರಿಕ್ಯಾನ್, ಕಪ್ಪು ಅಥವಾ ಗಾಢ ನೀಲಿ ಬಣ್ಣದ್ದು
- ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್, ಎರಡೂ ಬದಿಗೆ ರಬ್ಬರ್ ವಾಷರ್ ಸಮೇತ
- ಅರ್ಧ ಇಂಚಿನ ಬಾಲ್ ವಾಲ್ವ್ ಒಂದು
- 120 ಮೆಷ್‌ನ ಚಿಕ್ಕ ಸ್ಕ್ರೀನ್ ಫಿಲ್ಟರ್
- ಕಾಲು ಇಂಚಿನ ಹಿತ್ತಾಳೆ ನೀಡಲ್ ವಾಲ್ವ್ ಎರಡು
- 8 ಮಿ.ಮೀ. ಪಾರದರ್ಶಕ ಟ್ಯೂಬು 3 ಮೀಟರ್, ಒಂದು ಟೀ (ಎರಡು ಕವಲಿನ ಜೋಡಣೆ), ನಾಲ್ಕಾರು ಕ್ಲಿಪ್ಪು
- ಕಾಲು ಇಂಚಿನ ತಾಮ್ರದ ಕೊಳವೆ ಅರ್ಧ ಮೀಟರ್, ಫ್ರಿಜ್ ರಿಪೇರಿಗೆ ಬಳಸುವಂಥದ್ದು
- 10 ಮಿ.ಮೀ. ದಪ್ಪದ ಗಟ್ಟಿ ಉಣ್ಣೆಯ ಫೆಲ್ಟ್, ಅಂಗೈಯಗಲದ ತುಂಡು
- 25 ಮಿ.ಮೀ. ಅಲ್ಯೂಮಿನಿಯಂ ಆಂಗಲ್, 6 ಮಿ.ಮೀ. ಬೋಲ್ಟು, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ ನಟ್ಟು)

ನೈಲಾಕ್ ನಟ್ಟನ್ನು ಸುಮ್ಮನೆ ಬರೆದಿಲ್ಲ. ಸಾಮಿಲ್ ಎಂಜಿನ್ನಿನ ಅದುರಾಟಕ್ಕೆ ಸಾದಾ ನಟ್ಟು ಕೆಲವೇ ದಿನದಲ್ಲಿ ಸಡಿಲವಾಗುತ್ತದೆ. ಸಡಿಲವಾದ ಭಾಗ ಬೀಳುವುದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಓಡುವ ಬ್ಲೇಡಿನ ಮೇಲೆ.

ಹನಿ ನೀರಾವರಿ ಅಂಗಡಿಗೆ ಹೋದಾಗ ಅಲ್ಲೇ ಕಾಣುವ ಡ್ರಿಪ್ಪರ್‌ಗಳನ್ನು ನಾಜಲ್ ಆಗಿ ಬಳಸುವ ಆಸೆ ಹುಟ್ಟುತ್ತದೆ. ಬೇಡ. ಗಂಟೆಗೆ 4 ಲೀಟರ್ ಎಂದು ಬರೆದ ಡ್ರಿಪ್ಪರ್ ಅಷ್ಟು ನೀರು ಕೊಡುವುದು ಸುಮಾರು 1 ಬಾರ್ ಒತ್ತಡದಲ್ಲಿ. ಅರ್ಧ ಮೀಟರ್ ಎತ್ತರದ ಟ್ಯಾಂಕಿನಿಂದ ಬರುವ ಒತ್ತಡ 0.05 ಬಾರ್. ಅದರಲ್ಲಿ ಸಾದಾ ಡ್ರಿಪ್ಪರ್ ಗಂಟೆಗೆ ಒಂದು ಲೀಟರನ್ನೂ ಕೊಡದು, ಒತ್ತಡ ಸರಿದೂಗಿಸುವ ಡ್ರಿಪ್ಪರ್ ನೆಟ್ಟಗೆ ತೆರೆದುಕೊಳ್ಳುವುದೂ ಇಲ್ಲ. ಅದರೊಳಗಿನ ಸಣ್ಣ ದಾರಿಗೆ ಹೊಟ್ಟಿನ ಒಂದು ಎಳೆ ಹೊಕ್ಕರೆ ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯ ಗ್ಲೂಕೋಸ್ ಸೆಟ್ಟನ್ನು ಬಳಸುವವರೂ ಇದ್ದಾರೆ. ಹನಿ ಬೀಳುವುದು ಕಣ್ಣಿಗೆ ಕಾಣುತ್ತದೆ, 20 ಹನಿಗೆ ಒಂದು ಮಿ.ಲೀ. ಎಂಬ ಲೆಕ್ಕವೂ ಸಿದ್ಧವಾಗಿ ಸಿಗುತ್ತದೆ. ಹೊಸ ಸೆಟ್ಟಾದರೆ ಪ್ರಯೋಗಕ್ಕೆ ಚೆನ್ನ. ಆದರೆ ಅದರ ಉರುಳು ಕ್ಲಾಂಪು ಅದುರಾಟಕ್ಕೆ ಜಾರಿ ಹನಿಯ ವೇಗ ಬದಲಾಗುತ್ತಿರುತ್ತದೆ. ಶಾಶ್ವತ ಕೆಲಸಕ್ಕೆ ಹಿತ್ತಾಳೆಯ ನೀಡಲ್ ವಾಲ್ವೇ ಸರಿ.

ಕಟ್ಟುವ ಕ್ರಮ

1. ಟ್ಯಾಂಕಿನ ಜಾಗ. ಟ್ಯಾಂಕನ್ನು ಹಳಿಯ ಪಕ್ಕದ ಕಂಬಕ್ಕೋ ಗೋಡೆಗೋ ಕಟ್ಟದೆ ಹೆಡ್ಡಿನ ಮೇಲೆಯೇ, ಅಂದರೆ ಬ್ಲೇಡು, ಚಕ್ರ, ಎಂಜಿನ್ನನ್ನು ಹೊತ್ತು ಸರಿಯುವ ಭಾಗದ ಮೇಲೆಯೇ ಕೂರಿಸಿ. ಹೆಡ್ಡು ದಿಮ್ಮಿಯ ಮೇಲಿಂದ ಕೆಳಗೆ ಇಳಿಯುತ್ತಾ ಹೋದರೂ ಟ್ಯಾಂಕಿಗೂ ನಾಜಲ್ಲಿಗೂ ನಡುವಿನ ಎತ್ತರ ಆಗ ಬದಲಾಗುವುದಿಲ್ಲ, ನೀರಿನ ಹರಿವೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಎಂಜಿನ್ ತಾನು ತಿರುಗಿಸುವ ಡ್ರೈವ್ ಚಕ್ರದ ಬದಿಗಿರುತ್ತದೆ, ಆದ್ದರಿಂದ ಟ್ಯಾಂಕು ಬ್ಲೇಡಿನ ಜೊತೆ ಸುಮ್ಮನೆ ಸುತ್ತುವ ಇನ್ನೊಂದು ಚಕ್ರದ, ಅಂದರೆ ಐಡ್ಲರ್ ಚಕ್ರದ ಬದಿಗಿರಲಿ. ತೂಕ ಸ್ವಲ್ಪ ಸಮವಾಗುತ್ತದೆ, ನೀರು ಎಂಜಿನ್ನಿನಿಂದ ದೂರ ಉಳಿಯುತ್ತದೆ, ನಾಜಲ್ ಬರುವುದೂ ಅದೇ ಬದಿಗೆ. 20 ಲೀಟರ್ ಕ್ಯಾನ್ ಹೊರಿಸಬೇಡಿ. ಕೈಯಿಂದ ತಿರುಗಿಸುವ ವಿಂಚಿಗೆ 20 ಕಿಲೋ ಹೆಚ್ಚುವರಿ ಭಾರ ಅನಗತ್ಯ, ಮಿತವಾಗಿ ಹನಿಸಿದರೆ 10 ಲೀಟರ್ ದಿನದ ಕೆಲಸಕ್ಕೆ ಸಾಲುತ್ತದೆ. ಕ್ಯಾನಿನ ಅಡಿಗೆ ಹಳೆಯ ಟಯರಿನ ತುಂಡು ಹಾಸಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿ. ಕ್ಯಾನ್ ತುಂಬಿಸಿಟ್ಟು ಎತ್ತರದ ಸ್ಕೇಲಿನ ಸೊನ್ನೆಯನ್ನು ಮತ್ತೊಮ್ಮೆ ಪರೀಕ್ಷಿಸಿ.

2. ಹೊರದಾರಿ. ಟ್ಯಾಂಕ್ ನಿಪ್ಪಲ್ಲನ್ನು ತಳದಲ್ಲಿ ಕೂರಿಸದೆ, ಪಕ್ಕದ ಗೋಡೆಯಲ್ಲಿ ತಳದಿಂದ ಸುಮಾರು 20 ಮಿ.ಮೀ. ಮೇಲೆ ಕೂರಿಸಿ. ತೂತಿನ ನಡುವನ್ನು ಆ ಲೆಕ್ಕಕ್ಕಿಂತ ನಿಪ್ಪಲ್ಲಿನ ಅರ್ಧ ಅಗಲದಷ್ಟು ಮೇಲೆ ಗುರುತು ಹಾಕಿ. ಕೆಸರು, ತುಕ್ಕು, ಪಾಚಿ ತಳದಲ್ಲೇ ಉಳಿಯಲಿ. ಕೈಯನ್ನು ಕ್ಯಾನಿನ ಒಳಗೆ ಹಾಕಲಾಗದು. ನಿಪ್ಪಲ್ಲನ್ನು ಒಳಗಿಂದ ಎಳೆದುಕೊಳ್ಳಲು ಒಂದು ತಂತಿಯನ್ನು ತೂತಿನಿಂದ ಒಳಗೆ ತೂರಿಸಿ ಬಾಯಿಯಿಂದ ಹೊರತೆಗೆಯಿರಿ, ಅದಕ್ಕೆ ವಾಷರನ್ನೂ ನಿಪ್ಪಲ್ಲನ್ನೂ ಪೋಣಿಸಿ ಎಳೆದರೆ ತೂತಿಗೆ ನೇರವಾಗಿ ಬಂದು ಕೂರುತ್ತದೆ.

3. ಗಾಳಿತೂತು. ಮುಚ್ಚಳಕ್ಕೆ 3 ಮಿ.ಮೀ. ತೂತು ಕೊರೆದು ಅದರ ಮೇಲೆ ಸ್ಪಂಜಿನ ಚೂರು ಅಂಟಿಸಿ. ಇದನ್ನು ಮರೆತರೆ ಕೊಯ್ತ ಶುರುವಾದ ಸ್ವಲ್ಪ ಹೊತ್ತಿಗೆ ಕ್ಯಾನಿನ ಪಕ್ಕೆ ಒಳಕ್ಕೆ ಎಳೆದುಕೊಂಡು ನೀರು ನಿಲ್ಲುತ್ತದೆ. ಸ್ಪಂಜಿಲ್ಲದಿದ್ದರೆ ಹಾರುವ ಹೊಟ್ಟು ಒಳಗೆ ಹೋಗುತ್ತದೆ.

4. ಫಿಲ್ಟರು, ವಾಲ್ವು. ನಿಪ್ಪಲ್ಲಿನ ನಂತರ ಬಾಲ್ ವಾಲ್ವ್, ಆಮೇಲೆ ಫಿಲ್ಟರು, ಆಮೇಲೆ ಟೀ, ಟೀಯ ಎರಡು ಕವಲಿಗೂ ಒಂದೊಂದು ನೀಡಲ್ ವಾಲ್ವ್. ಬಾಲ್ ವಾಲ್ವ್ ಇರುವುದು ತೆರೆಯಲು, ಮುಚ್ಚಲು ಮಾತ್ರ. ನೀಡಲ್ ವಾಲ್ವ್ ಅಳತೆಗೆ, ಒಮ್ಮೆ ಹೊಂದಿಸಿದ ಮೇಲೆ ಮರ ಬದಲಾಗುವವರೆಗೆ ಅದನ್ನು ಮುಟ್ಟಬೇಕಿಲ್ಲ. ಒಂದೇ ವಾಲ್ವಿನಲ್ಲಿ ಎರಡೂ ಕೆಲಸ ಮಾಡಿಸಿದರೆ ಪ್ರತಿ ಹಲಗೆಗೂ ಹರಿವು ಬೇರೆಯಾಗುತ್ತದೆ. ಬಾಲ್ ವಾಲ್ವ್ ಯಂತ್ರ ನಡೆಸುವವರು ನಿಲ್ಲುವ ಬದಿಗೆ, ಬ್ಲೇಡಿನ ಕಡೆಗೆ ಬಾಗದೆ ಕೈಗೆ ಎಟುಕುವಂತಿರಬೇಕು. ಅಗತ್ಯವಿದ್ದರೆ ಟ್ಯೂಬನ್ನು ಉದ್ದ ಮಾಡಿ ವಾಲ್ವನ್ನು ಹ್ಯಾಂಡಲ್ ಹತ್ತಿರ ತನ್ನಿ. ಬೈಕಿನ ಪೆಟ್ರೋಲ್ ಫಿಲ್ಟರಿನಲ್ಲಿ ಕಾಗದದ ಪದರವಿರುವಂಥದ್ದು ಬೇಡ, ಕಾಗದ ನೀರಿಗೆ ಉಬ್ಬಿ ಹರಿವನ್ನು ಕಟ್ಟುತ್ತದೆ.

5. ಟ್ಯೂಬಿನ ದಾರಿ. ಟ್ಯೂಬು ಎಲ್ಲೂ ಮೇಲೆದ್ದು ಮತ್ತೆ ಇಳಿಯದಂತೆ ಒಂದೇ ಇಳಿಜಾರಿನಲ್ಲಿ ಬರಲಿ. ಮೇಲೆದ್ದ ತಿರುವಿನಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ. ಕಡಿಮೆ ಒತ್ತಡದ ನೀರಿಗೆ ಅದನ್ನು ತಳ್ಳಿ ಮುಂದೆ ಹೋಗುವ ಬಲವಿಲ್ಲ. ಪಾರದರ್ಶಕ ಟ್ಯೂಬು ಹೇಳಿದ್ದು ಇದಕ್ಕೇ, ಗುಳ್ಳೆ ಎಲ್ಲಿ ನಿಂತಿದೆಯೆಂದು ಕಣ್ಣಿಗೆ ಕಾಣಬೇಕು. ಹೆಡ್ಡಿನ ಗೈಡ್ (ಬ್ಲೇಡನ್ನು ಮಟ್ಟದಲ್ಲಿ ಹಿಡಿದಿಡುವ ಭಾಗ) ತೋಳು ಒಳಕ್ಕೂ ಹೊರಕ್ಕೂ ಸರಿಯುವ ಯಂತ್ರವಾದರೆ ಅಷ್ಟು ಉದ್ದದ ಸಡಿಲವನ್ನು ಟ್ಯೂಬಿನಲ್ಲಿ ಬಿಟ್ಟುಕೊಳ್ಳಿ, ತೋಳನ್ನು ಎರಡೂ ತುದಿಗೆ ಸರಿಸಿ ಟ್ಯೂಬು ಬ್ಲೇಡಿನ ಹತ್ತಿರ ಜೋತು ಬೀಳುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ.

6. ನಾಜಲ್ ಮತ್ತು ಫೆಲ್ಟು. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಕೀ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿ ಬಿಚ್ಚಿ, ಕೈಗವಸು ಹಾಕಿಕೊಂಡೇ ಈ ಭಾಗಕ್ಕೆ ಕೈ ಹಾಕಿ. ಮೋಟಾರಿನ ಮಿಲ್ಲಾದರೆ ಮೇನ್ ಸ್ವಿಚ್ಚಿನಲ್ಲೇ ಕರೆಂಟು ಕಡಿದಿರಬೇಕು.

ಡ್ರೈವ್ ಚಕ್ರ ಬ್ಲೇಡನ್ನು ಮರದೊಳಗಿಂದ ತನ್ನತ್ತ ಎಳೆಯುತ್ತದೆ. ಅಂದರೆ ಬ್ಲೇಡು ದಿಮ್ಮಿಯೊಳಗೆ ಹೊಗುವುದು ಐಡ್ಲರ್ ಬದಿಯಿಂದ. ನೀರು ಬೀಳಬೇಕಾದದ್ದು ಅಲ್ಲಿ, ಐಡ್ಲರ್ ಬದಿಯ ಗೈಡಿಗಿಂತ ತುಸು ಮೊದಲು. ಹೊರಬರುವ ಬದಿಗೆ ಹನಿಸಿದರೆ ನೀರು ನೇರ ಡ್ರೈವ್ ಚಕ್ರಕ್ಕೆ ಹೋಗಿ ಬೆಲ್ಟು ಜಾರುತ್ತದೆ, ಮರದೊಳಗೆ ತಲುಪುವ ಹೊತ್ತಿಗೆ ಬ್ಲೇಡು ಅರ್ಧ ಒಣಗಿರುತ್ತದೆ.

ಫೆಲ್ಟನ್ನು 22 ಮಿ.ಮೀ. ಅಗಲ, 40 ಮಿ.ಮೀ. ಉದ್ದದ ಎರಡು ತುಂಡಾಗಿ ಕತ್ತರಿಸಿ. ಬ್ಲೇಡು 32 ಮಿ.ಮೀ. ಅಗಲವಿದ್ದರೂ ಫೆಲ್ಟು ಅದರ ಹಿಂಬದಿಯ 22 ಮಿ.ಮೀ. ಮಾತ್ರ ಮುಟ್ಟಬೇಕು. ಮುಂದಿನ 10 ಮಿ.ಮೀ.ನಲ್ಲಿ ಹಲ್ಲುಗಳಿವೆ. ಬಾಗಿಸಿದ ಹಲ್ಲಿನ ತುದಿ ತಾಗಿದರೆ ಫೆಲ್ಟು ಕ್ಷಣದಲ್ಲಿ ಎಳೆ ಎಳೆಯಾಗಿ, ಆ ಎಳೆಗಳು ಗೈಡಿನೊಳಗೆ ಸುತ್ತಿಕೊಳ್ಳುತ್ತವೆ. ಆಂಗಲ್ಲಿನಿಂದ ಎರಡು ಹಿಡಿಕೆ ಮಾಡಿ ಒಂದು ಫೆಲ್ಟನ್ನು ಬ್ಲೇಡಿನ ಮೇಲ್ಮುಖಕ್ಕೆ, ಇನ್ನೊಂದನ್ನು ಕೆಳಮುಖಕ್ಕೆ ಹೊಂದಿಸಿ. ಆಂಗಲ್ಲಿನ ಬೋಲ್ಟ್ ತೂತುಗಳನ್ನು ಉದ್ದವಾಗಿ ಅರ ಹಾಕಿದರೆ ಮೇಲೆ ಕೆಳಗೆ ಸರಿಸಲು ಅನುಕೂಲ. ಒತ್ತಡ ಎಷ್ಟೆಂದರೆ, ಫೆಲ್ಟಿಗೂ ಬ್ಲೇಡಿಗೂ ನಡುವೆ ಸಿಕ್ಕಿಸಿದ ಪೋಸ್ಟ್‌ಕಾರ್ಡು ಕೈಯಲ್ಲಿ ಎಳೆದರೆ ಲಘು ಹಿಡಿತದೊಂದಿಗೆ ಹೊರಬರಬೇಕು. ಅದಕ್ಕಿಂತ ಬಿಗಿಯಾದರೆ ಫೆಲ್ಟೇ ಬ್ಲೇಡನ್ನು ಬಿಸಿ ಮಾಡುತ್ತದೆ, ಗೈಡಿನ ಮಟ್ಟದಿಂದ ಬ್ಲೇಡನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ.

ತಾಮ್ರದ ಕೊಳವೆ ಬ್ಲೇಡಿಗಿಂತ 25 ಮಿ.ಮೀ. ದೂರದಲ್ಲೇ ನಿಲ್ಲಲಿ. ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಟ್ಯೂಬಿನ ತುಂಡು ಫೆಲ್ಟಿನ ಬೆನ್ನಿಗೆ ಕೊರೆದ ತೂತಿನಲ್ಲಿ ಕೂರಲಿ. ಯಾವತ್ತಾದರೂ ಹಿಡಿಕೆ ಮುರಿದರೆ ಬ್ಲೇಡಿಗೆ ಸಿಗುವುದು ಪ್ಲಾಸ್ಟಿಕ್ಕಾಗಿರಬೇಕು, ಲೋಹವಲ್ಲ. ಕೆಳಗಿನ ಫೆಲ್ಟಿಗೆ ನೀರು ಅಡಿಯಿಂದ ಬರುತ್ತದೆ. ಅದರ ನಾಜಲ್ ತುಸು ತಗ್ಗಿನಲ್ಲಿರುವುದರಿಂದಲೂ ಸೋರಿದ್ದು ಕೆಳಗೇ ಬೀಳುವುದರಿಂದಲೂ ಅದಕ್ಕೆ ಪ್ರತ್ಯೇಕ ನೀಡಲ್ ವಾಲ್ವ್ ಬೇಕು. ಇಲ್ಲದಿದ್ದರೆ ನೀರೆಲ್ಲ ಕೆಳಗಿನ ಕವಲಿಗೇ ಹೋಗಿ ಮೇಲಿನದು ಒಣಗುತ್ತದೆ.

ಫೆಲ್ಟಿಲ್ಲದೆ ಬರೀ ಹನಿಸಿದರೆ ಸಾಲದೇ? ಅಂಟಿಲ್ಲದ ಮರಕ್ಕೆ ಸಾಕು. ಆಗ ಟ್ಯೂಬಿನ ತುದಿ ಬ್ಲೇಡಿನಿಂದ 3ರಿಂದ 5 ಮಿ.ಮೀ. ಎತ್ತರದಲ್ಲಿ, ಬ್ಲೇಡಿನ ಅಗಲದ ನಡುವಿಗೆ ಗುರಿಯಾಗಿರಬೇಕು. ಇನ್ನೂ ಮೇಲಿದ್ದರೆ ಬ್ಲೇಡಿನ ಜೊತೆ ಓಡುವ ಗಾಳಿಯೇ ಹನಿಯನ್ನು ಪಕ್ಕಕ್ಕೆ ಹಾರಿಸುತ್ತದೆ. ಆದರೆ ಕೆಳಮುಖಕ್ಕೆ ಹೀಗೆ ಹನಿಸಲಾಗದು.

7. ಅಳತೆ. ಎಂಜಿನ್ ನಿಲ್ಲಿಸಿಯೇ ಎರಡೂ ಟ್ಯೂಬನ್ನು ಫೆಲ್ಟಿನಿಂದ ಬಿಡಿಸಿ, ಫೆಲ್ಟಿನ ಮಟ್ಟದಲ್ಲೇ ಹಿಡಿದು, ಔಷಧದ ಅಳತೆ ಬಟ್ಟಲಿಗೆ ಒಂದು ನಿಮಿಷ ನೀರು ಹಿಡಿಯಿರಿ. ಎರಡರಲ್ಲೂ ಹೆಚ್ಚುಕಡಿಮೆ ಸಮ ಬರುವವರೆಗೆ ನೀಡಲ್ ವಾಲ್ವ್ ಹೊಂದಿಸಿ. ಈ ಒಂದು ಕೆಲಸ ಬಿಟ್ಟು ಕಣ್ಣಂದಾಜಿನಲ್ಲಿ ಹೊಂದಿಸಿದವರ ಹರಿವು ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಬಹಳ ಹೆಚ್ಚಿರುತ್ತದೆ.

ಕ್ಯಾನ್ ಖಾಲಿಯಾಗುತ್ತಾ ಬಂದಂತೆ ಹರಿವು ಕುಗ್ಗುವುದು ಸಹಜ. ನೀರಿನ ಮಟ್ಟ ನಾಜಲ್ಲಿಗಿಂತ 60 ಸೆಂ.ಮೀ. ಮೇಲಿದ್ದದ್ದು 30ಕ್ಕೆ ಇಳಿದರೆ ಹರಿವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಇದು ತೊಂದರೆ ಎನಿಸಿದರೆ ಉಪಾಯವಿದೆ: ಮುಚ್ಚಳದ ತೂತು ಮುಚ್ಚಿ, ಅದರ ಬದಲು 6 ಮಿ.ಮೀ. ಟ್ಯೂಬೊಂದನ್ನು ಮುಚ್ಚಳದ ಮೂಲಕ ಗಾಳಿ ಸೋರದಂತೆ ಇಳಿಸಿ, ಅದರ ಕೆಳತುದಿ ಹೊರದಾರಿಗಿಂತ 3 ಸೆಂ.ಮೀ. ಮೇಲೆ ನಿಲ್ಲುವಂತೆ ಮಾಡಿ. ಒಳಗೆ ಗಾಳಿ ಬರುವುದು ಆ ತುದಿಯಿಂದಲೇ ಆದ್ದರಿಂದ ಕ್ಯಾನ್ ತುಂಬಿದ್ದರೂ ಅರ್ಧವಿದ್ದರೂ ಒತ್ತಡ ಒಂದೇ. ಮುಚ್ಚಳ ಚೂರು ಸೋರಿದರೂ ಉಪಾಯ ಕೆಲಸ ಮಾಡದು, ಮುಚ್ಚಳದ ಒಳಗೆ ರಬ್ಬರ್ ಹಾಳೆ ಹಾಕಿ ಬಿಗಿಯಿರಿ.

ಯಾವ ಮರಕ್ಕೆ ಎಷ್ಟು

ಇವು ಆರಂಭದ ಅಳತೆ, ಎರಡೂ ಕವಲು ಸೇರಿ ನಿಮಿಷಕ್ಕೆ:

- ಸಿಲ್ವರ್ ಓಕ್, ಹೆಬ್ಬೇವು, ಸಾಗುವಾನಿ: 5ರಿಂದ 10 ಮಿ.ಲೀ.
- ಅಕೇಶಿಯ, ನೀಲಗಿರಿ: 15ರಿಂದ 25 ಮಿ.ಲೀ.
- ಹಸಿ ಹಲಸು, ಮಾವು, ರಬ್ಬರ್: 25ರಿಂದ 40 ಮಿ.ಲೀ.
- ಪೈನ್‌ನಂಥ ರಾಳದ ಮರ: 40ರಿಂದ 60 ಮಿ.ಲೀ., ಸೋಪಿನ ಪ್ರಮಾಣವೂ ಜಾಸ್ತಿ

ಎರಡು ಹಲಗೆ ಕೊಯ್ದು ಎಂಜಿನ್ ನಿಲ್ಲಿಸಿ, ಕೀ ತೆಗೆದು ಬ್ಲೇಡನ್ನು ನೋಡಿ. ಲೋಹ ಹೊಳೆಯುತ್ತಾ ಮೇಲೆ ತೆಳು ತೇವವಿದ್ದರೆ ಸರಿ. ಕಂದು ಪೊರೆ ಕಂಡರೆ ಇನ್ನಷ್ಟು ತೆರೆಯಿರಿ. ಗಾರ್ಡಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಹೊಟ್ಟು ಮುದ್ದೆಯಾಗಿ ಹಲಗೆಗೆ ಮೆತ್ತಿಕೊಂಡಿದ್ದರೆ ಕಡಿಮೆ ಮಾಡಿ. ಮೆತ್ತಿದ ಹೊಟ್ಟನ್ನು ಹಾಗೇ ಬಿಟ್ಟು ಹಲಗೆ ಪೇರಿಸಿದರೆ ಮಲೆನಾಡಿನ ತೇವಕ್ಕೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ರಬ್ಬರ್ ಮರಕ್ಕಂತೂ ನೀಲಿ ಕಲೆಯ ಶಿಲೀಂಧ್ರ ಬಹಳ ಬೇಗ ಹತ್ತುತ್ತದೆ, ಕೊಯ್ದ ದಿನವೇ ಮರ ಸಂರಕ್ಷಕ ದ್ರಾವಣದಲ್ಲಿ ಅದ್ದಬೇಕು.

ನೀರಿಗೆ ಏನು ಬೆರೆಸಬೇಕು

10 ಲೀಟರ್ ನೀರಿಗೆ 30 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್. ಅಂಟಿನ ಮರಕ್ಕೆ 100 ಮಿ.ಲೀ.ವರೆಗೆ ಹೋಗಬಹುದು. ಮೊದಲು ನೀರು ತುಂಬಿ ಆಮೇಲೆ ಸೋಪು ಹಾಕಿ, ಇಲ್ಲದಿದ್ದರೆ ಕ್ಯಾನಿನ ತುಂಬಾ ನೊರೆ. ಬಟ್ಟೆ ಸೋಪು ತುರಿದು ಹಾಕುವುದು ಬೇಡ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದು ಮೊಸರಿನಂತೆ ಒಡೆದು, ಆ ಗಸಿ ನೀಡಲ್ ವಾಲ್ವನ್ನು ಮುಚ್ಚಿಬಿಡುತ್ತದೆ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಟುವಾಳದ ರಸ ಚೆನ್ನಾಗಿ ನೊರೆ ಕೊಡುತ್ತದಾದರೂ ಬೇಗ ಹುಳಿತು ಲೋಳೆಯಾಗುತ್ತದೆ, ಅಂದಂದಿನದು ಅಂದಂದಿಗೆ ಮಾಡಿಕೊಳ್ಳುವುದಾದರೆ ಮಾತ್ರ ಅದರ ತಂಟೆಗೆ ಹೋಗಿ.

ತುಕ್ಕು ದೊಡ್ಡ ತಲೆನೋವಾಗಿದ್ದರೆ ಲೇತ್ ಅಂಗಡಿಗಳಲ್ಲಿ ಬಳಸುವ, ನೀರಿನಲ್ಲಿ ಬೆರೆಯುವ ಕೂಲಂಟ್ ಎಣ್ಣೆಯನ್ನು 40 ಭಾಗ ನೀರಿಗೆ ಒಂದು ಭಾಗ ಹಾಕಬಹುದು. ಬ್ಲೇಡು ಚೆನ್ನಾಗಿರುತ್ತದೆ, ಆದರೆ ಪಾಲಿಶ್ ಹಾಕುವ ಹಲಗೆಗೆ ಎಣ್ಣೆಯ ಗುರುತು ಉಳಿಯಬಹುದು. ಪಕಾಸಿ, ರೀಪರ್‌ನಂಥ ಕೊಯ್ತಕ್ಕೆ ಅಡ್ಡಿಯಿಲ್ಲ, ಬಾಗಿಲು ಪೀಠೋಪಕರಣದ ಮರಕ್ಕೆ ಬೇಡ. ಅದರ ಬದಲು ತೆಂಗಿನೆಣ್ಣೆ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ಟ್ಯೂಬು ಕಟ್ಟಿಕೊಳ್ಳುವುದು ಖಂಡಿತ.

ಡೀಸೆಲ್, ಸೀಮೆಎಣ್ಣೆ ಹನಿಸುವ ಪದ್ಧತಿ ಅನೇಕ ಕಡೆ ಇದೆ. ಅಂಟನ್ನು ಅವು ಚೆನ್ನಾಗಿಯೇ ಕರಗಿಸುತ್ತವೆ, ಅದಕ್ಕೇ ಜನ ಬಿಡುವುದಿಲ್ಲ. ಆದರೆ ಬಿಸಿ ಸೈಲೆನ್ಸರ್, ಒಣ ಹೊಟ್ಟು, ಗಾಳಿಯಲ್ಲಿ ಹಾರುವ ಡೀಸೆಲ್ ತುಂತುರು ಮೂರೂ ಒಂದೇ ಜಾಗದಲ್ಲಿ ಸೇರಿದರೆ ಬೆಂಕಿಗೆ ಒಂದು ಕಿಡಿ ಸಾಕು. ಚಕ್ರಕ್ಕೆ ಸುತ್ತಿದ ರಬ್ಬರ್ ಬೆಲ್ಟು ಉಬ್ಬಿ ಮೆತ್ತಗಾಗುತ್ತದೆ, ಹಲಗೆಗೆ ವಾಸನೆ ಹಿಡಿಯುತ್ತದೆ, ಇಡೀ ದಿನ ಅದರ ಆವಿಯನ್ನು ಉಸಿರಾಡುವವರು ಯಂತ್ರದ ಪಕ್ಕ ನಿಂತ ನೀವೇ. ಅಂಟು ಹಿಡಿದ ಬ್ಲೇಡನ್ನು ಯಂತ್ರದಿಂದ ಬಿಚ್ಚಿ ದೂರದಲ್ಲಿಟ್ಟು ಡೀಸೆಲ್ ಬಟ್ಟೆಯಿಂದ ಒರೆಸಿ, ಒಣಗಿಸಿ ಮತ್ತೆ ಹಾಕಿ. ಅದರ ಬಳಕೆ ಅಲ್ಲಿಗೆ ನಿಲ್ಲಲಿ.

ಅಮೆರಿಕ, ಕೆನಡಾದ ವಿಡಿಯೊಗಳಲ್ಲಿ ಟ್ಯಾಂಕಿಗೆ ನೀಲಿ ಬಣ್ಣದ ಕಾರಿನ ಗಾಜು ತೊಳೆಯುವ ದ್ರವ ಸುರಿಯುವುದನ್ನು ನೋಡಿರಬಹುದು. ಅಲ್ಲಿನ ಚಳಿಗೆ ನೀರು ಹೆಪ್ಪುಗಟ್ಟದಿರಲಿ ಎಂದು ಅದು. ನಮಗೆ ಅದರ ಅಗತ್ಯವಿಲ್ಲ.

ತಾನಾಗಿ ತೆರೆಯುವ ವಾಲ್ವ್ ಬೇಕಿದ್ದರೆ

ಹೆಡ್ಡನ್ನು ಹಿಂದಕ್ಕೆ ತರುವಾಗ ನೀರು ನಿಲ್ಲಬೇಕು. ಕೈಯಲ್ಲಿ ಮುಚ್ಚುವುದು ಮರೆತುಹೋಗುವುದರಿಂದ ಹಲವರು 12 ವೋಲ್ಟ್ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಹಾಕಲು ನೋಡುತ್ತಾರೆ. ಇಲ್ಲೊಂದು ತೊಡಕಿದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅರ್ಧ ಇಂಚಿನ ಬಿಳಿ ಪ್ಲಾಸ್ಟಿಕ್ ವಾಲ್ವ್ ತೆರೆಯಲು ನೀರಿನದೇ ಒತ್ತಡ ಬೇಕು, ಸಾಮಾನ್ಯವಾಗಿ 0.2 ಬಾರ್. ಅಂದರೆ ಟ್ಯಾಂಕು ಎರಡು ಮೀಟರ್ ಮೇಲಿರಬೇಕು. ಹೆಡ್ಡಿನ ಮೇಲಿನ ಕ್ಯಾನಿಗೆ ಜೋಡಿಸಿದರೆ ಟಕ್ ಎಂದು ಸದ್ದು ಬರುತ್ತದೆ, ನೀರು ಬರುವುದಿಲ್ಲ. ಕೊಳ್ಳುವಾಗ ನೇರ ತೆರೆಯುವ, ಸೊನ್ನೆ ಒತ್ತಡದಲ್ಲೂ ಕೆಲಸ ಮಾಡುವ ವಾಲ್ವನ್ನೇ ಕೇಳಿ. ನೀರಿನ ಶುದ್ಧೀಕರಣ ಯಂತ್ರದ ವಾಲ್ವ್ ಹೆಚ್ಚಾಗಿ 24 ವೋಲ್ಟಿನದು, 12 ವೋಲ್ಟಿನ ಬೈಕ್ ಬ್ಯಾಟರಿಗೆ ಹೊಂದದು.

ವಾಲ್ವಿನ ಸ್ವಿಚ್ಚನ್ನು ಕ್ಲಚ್ ಅಥವಾ ಥ್ರಾಟಲ್ ಲಿವರಿಗೆ ಮೈಕ್ರೊ ಸ್ವಿಚ್ಚಾಗಿ ಕೂರಿಸಿ. ಬ್ಲೇಡು ತಿರುಗಿದಾಗ ನೀರು, ನಿಂತಾಗ ಇಲ್ಲ. ಬ್ಯಾಟರಿಯ ಪ್ಲಸ್ ತಂತಿಗೆ 3 ಆಂಪಿಯರ್ ಫ್ಯೂಸ್, ಕಾಯಿಲ್ಲಿನ ಎರಡು ತುದಿಗೆ ಅಡ್ಡಲಾಗಿ 1ಎನ್4007 ಡಯೋಡು, ಅದರ ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ಡಯೋಡು ಇಲ್ಲದಿದ್ದರೆ ಸ್ವಿಚ್ಚಿನ ಬಿಂದುಗಳು ಕಿಡಿಯಿಂದ ಸುಟ್ಟುಹೋಗುತ್ತವೆ. ಕರೆಂಟ್ ಮೋಟಾರಿನ ಮಿಲ್ಲಾದರೂ ನೀರಿನ ವ್ಯವಸ್ಥೆಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಇರಲಿ. 230 ವೋಲ್ಟಿನ ತಂತಿಯನ್ನು ಒದ್ದೆ ಬ್ಲೇಡಿನ ಹತ್ತಿರ ತರುವ ಮಾತೇ ಬೇಡ.

ಪಂಪು ಹಾಕುವುದಾದರೆ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ ಡಯಾಫ್ರಾಮ್ ಪಂಪು ಗಟ್ಟಿ. ಆದರೆ ಅದನ್ನು ಸತತ ನಡೆಸಿದರೆ ನೀರು ಅತಿಯಾಗುತ್ತದೆ, ಜೊತೆಗೆ ಆವರ್ತಕ ಟೈಮರ್ ಬೇಕು. ಸೆಕೆಂಡಿಗೆ 25 ಮೀಟರ್ ಓಡುವ 4 ಮೀಟರಿನ ಬ್ಲೇಡು ಒಂದು ಸುತ್ತಿಗೆ ತೆಗೆದುಕೊಳ್ಳುವುದು 0.16 ಸೆಕೆಂಡ್. ನೀರಿನ ಚಿಮ್ಮು ಅದಕ್ಕಿಂತ ಚಿಕ್ಕದಾದರೆ ಬ್ಲೇಡಿನ ಒಂದು ಭಾಗ ಒಣಗಿಯೇ ಉಳಿಯುತ್ತದೆ. ಅರ್ಧ ಸೆಕೆಂಡ್ ಚಿಮ್ಮಿಸಿ ಐದು ಸೆಕೆಂಡ್ ಬಿಡುವು ಕೊಡುವುದು ಒಳ್ಳೆಯ ಆರಂಭ. ಕಾರಿನ ಗಾಜು ತೊಳೆಯುವ ಪಂಪು ಅಗ್ಗ, ಆದರೆ ನಿಂತಾಗಲೂ ತನ್ನೊಳಗಿಂದ ನೀರನ್ನು ಬಿಟ್ಟುಕೊಡುತ್ತದೆ. ಅದಿದ್ದರೆ ಟ್ಯಾಂಕು ನಾಜಲ್ಲಿಗಿಂತ ಕೆಳಗಿರಬೇಕು. ಒಣಗಿ ಓಡಿದರೆ ಅದು ಬೇಗ ಸುಡುತ್ತದೆ.

ಕೆಡುವುದು ಎಲ್ಲಿ

ಹಲಗೆಯ ಮೇಲೆ ನೀಲಿ-ಕಪ್ಪು ಕಲೆ: ಅಕೇಶಿಯದಂಥ ಒಗರು ಹೆಚ್ಚಿರುವ ಮರದಲ್ಲಿ ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ತುಕ್ಕು ಹಿಡಿದ ಬ್ಲೇಡು, ತುಕ್ಕಿನ ಟ್ಯಾಂಕು, ಹೆಚ್ಚು ನೀರು ಇದಕ್ಕೆ ಕಾರಣ. ಕೊಯ್ದ ಕೂಡಲೇ ಹಲಗೆಯ ಹೊಟ್ಟನ್ನು ಪೊರಕೆಯಿಂದ ಗುಡಿಸಿ, ನಡುವೆ ಪಟ್ಟಿ ಕೊಟ್ಟು ಪೇರಿಸಿ. ಬಿದ್ದ ಕಲೆಯನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ತೆಗೆಯುತ್ತದೆ, ಅದು ವಿಷವಾದ್ದರಿಂದ ಕೈಗವಸು ಕಡ್ಡಾಯ.

ಬೆಲ್ಟು ಕಿರುಗುಟ್ಟುವುದು, ಬ್ಲೇಡು ಚಕ್ರದ ಮೇಲೆ ಜಾರುವುದು: ನೀರು ಅತಿಯಾಗಿದೆ, ಇಲ್ಲವೇ ಫೆಲ್ಟು ಸವೆದು ಒರೆಸುತ್ತಿಲ್ಲ.

ಒಂದೇ ಮುಖಕ್ಕೆ ಅಂಟು: ಆ ಬದಿಯ ನೀಡಲ್ ವಾಲ್ವ್ ಕಟ್ಟಿದೆ, ಅಥವಾ ಟ್ಯೂಬು ಫೆಲ್ಟಿನಿಂದ ಜಾರಿದೆ. ಮೊದಲು ಫಿಲ್ಟರ್ ತೊಳೆಯಿರಿ, ಆಮೇಲೆ ವಾಲ್ವನ್ನು ಪೂರ್ತಿ ತೆರೆದು ನೀರು ಹಾಯಿಸಿ ಮತ್ತೆ ಅಳತೆ ಮಾಡಿ.

ನೀರು ಸರಿಯಾಗಿದ್ದೂ ಬ್ಲೇಡು ಅಲೆಯಾಡುವುದು: ಇದಕ್ಕೆ ನೀರು ಮದ್ದಲ್ಲ. ಮೊಂಡು ಹಲ್ಲು, ಸಮವಿಲ್ಲದ ಸೆಟ್ಟು, ಕಡಿಮೆ ಬಿಗಿತ, ತಪ್ಪು ಗೈಡ್ ಮಟ್ಟ, ಇವುಗಳಲ್ಲಿ ಹುಡುಕಿ. ತೊಗಟೆಗೆ ಮೆತ್ತಿದ ಮಣ್ಣನ್ನು ತಂತಿ ಬ್ರಷ್ಷಿನಿಂದ ತೆಗೆಯದೆ ಕೊಯ್ದರೆ ಹೊಸ ಬ್ಲೇಡೂ ಒಂದೆರಡು ಹಲಗೆಗೆ ಮೊಂಡಾಗುತ್ತದೆ.

ದಿನದ ಕೊನೆಯ ಹಲಗೆಯ ನಂತರ ನೀರು ಮುಚ್ಚಿ ಬ್ಲೇಡನ್ನು ಒಂದು ನಿಮಿಷ ಖಾಲಿ ಓಡಿಸಿ, ಚಕ್ರ ಮತ್ತು ಬ್ಲೇಡಿನ ತೇವ ಹಾರಿಹೋಗುತ್ತದೆ. ಎಂಜಿನ್ ನಿಲ್ಲಿಸಿ ಬಿಗಿತ ಸಡಿಲಿಸಿ, ಫೆಲ್ಟುಗಳನ್ನು ಹಿಂದಕ್ಕೆ ಸರಿಸಿ. ಒದ್ದೆ ಫೆಲ್ಟು ರಾತ್ರಿಯಿಡೀ ಬ್ಲೇಡಿಗೆ ತಾಗಿಕೊಂಡಿದ್ದರೆ ಬೆಳಿಗ್ಗೆ ಅಷ್ಟೇ ಅಗಲದ ತುಕ್ಕಿನ ಮಚ್ಚೆ ಇರುತ್ತದೆ, ಬ್ಲೇಡಿನಲ್ಲಿ ಬಿರುಕು ಹುಟ್ಟಲು ಅಂಥ ಮಚ್ಚೆಯೇ ಸಾಕು. ಮಳೆಗಾಲದಲ್ಲಿ ಬ್ಲೇಡನ್ನು ಬಿಚ್ಚಿ ತೆಳುವಾಗಿ ಎಂಜಿನ್ ಆಯಿಲ್ ಒರೆಸಿ ತೂಗುಹಾಕಿ, ಮತ್ತೆ ಹಾಕುವ ಮುನ್ನ ಎಣ್ಣೆ ಒರೆಸಿ ತೆಗೆಯಿರಿ. ವಾರಕ್ಕೊಮ್ಮೆ ಕ್ಯಾನ್ ಬೋರಲು ಹಾಕಿ ತಳದ ಗಸಿ ತೊಳೆಯಿರಿ. ಫೆಲ್ಟು 10 ಮಿ.ಮೀ.ನಿಂದ 6ಕ್ಕೆ ಸವೆದಾಗ ಅಥವಾ ಅಂಟು ಕುಡಿದು ಹಲಗೆಯಂತೆ ಗಟ್ಟಿಯಾದಾಗ ಬದಲಿಸಿ. ಅಂಗೈಯಗಲದ ತುಂಡಿನಿಂದ ಎರಡು ಜೊತೆಗೂ ಹೆಚ್ಚು ಸಿಗುತ್ತದೆ, ಒಂದು ಜೊತೆ ಕತ್ತರಿಸಿ ಯಂತ್ರದ ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿರಿ.